ರಾಹುಕಾಲದ ಸಾಲಾಂತರ ಸಮರ

ಕುಲದಿಂದಲ್ಲ, ಬಲದಿಂದಲ್ಲ, ಎದೆಯ ಅಗಲದಿಂದಲ್ಲ, ಕೇವಲ ಮೂರಂಕಿಯ ಒಂದು ಸಂಖ್ಯೆಯಿಂದ ನರರನ್ನು ಅಳೆಯುವ ಈ ಯುಗವನ್ನು ಮೊದಲು ನೆನೆಯೋಣ. ಮುನ್ನೂರರ ಪಾತಾಳದಿಂದ ಒಂಬೈನೂರರ ಸ್ವರ್ಗದವರೆಗೆ ಮೆಟ್ಟಿಲು ಕಟ್ಟಿ, ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆಂಬುದನ್ನು ಬ್ಯಾಂಕುಗಳ ಕಿವಿಯಲ್ಲಿ ಮಾತ್ರ ಉಸುರುವ, ಕಣ್ಣಿಗೆ ಕಾಣದ, ಕಾಣಿಕೆಗೆ ಒಲಿಯದ, ಕಣ್ಣೀರಿಗೆ ಕರಗದ ಎಲೈ ಕ್ರೆಡಿಟ್ ಸ್ಕೋರ್ ಎಂಬ ಅಧಿದೇವತೆಯೇ, ನಿನಗೆ ಸಾಷ್ಟಾಂಗ ನಮಸ್ಕಾರ. ಹುಬ್ಬಳ್ಳಿಯ ದುರ್ಗದ ಬೈಲಿನ ಬಳಿ ಕನ್ನಡಕದ ಅಂಗಡಿಯಿಟ್ಟು ಸಹಸ್ರಾರು ಮಂದನಯನರಿಗೆ ದೃಷ್ಟಿದಾನ ಮಾಡಿದ, ಆದರೆ ತಾನು ಮಾತ್ರ ಕಾಗದದ ಅಡಿಯ ಸಣ್ಣಕ್ಷರವನ್ನು ಜನ್ಮದಲ್ಲಿ ಓದದ, ಕನಿಷ್ಠಪಾವತಿಪರಾಯಣ, ಚತುರ್ವಾರತಿರಸ್ಕೃತ, ದಾಕ್ಷಾಯಿಣೀಪ್ರಾಣವಲ್ಲಭ ಕಲ್ಮೇಶ ಹಂಚಿನಾಳನ ವಿಜಯವನ್ನು ಹೇಳಿ ಮುಗಿಸುವಷ್ಟು ಉಸಿರನ್ನು ಈ ಬಡ ಕಥೆಗಾರನಿಗೆ ಸಾಲವಾಗಿಯಾದರೂ ಕೊಡು. ಬಡ್ಡಿ ಮಾತ್ರ ಬೇಡ.

ಈ ಮಹಾಸಮರದ ಬೀಜ ಬಿದ್ದದ್ದು ಒಂದು ವಸ್ತುಪ್ರದರ್ಶನದಲ್ಲಿ. ಅಲ್ಲಿ, ಹಪ್ಪಳದ ಮಳಿಗೆಗೂ ಉಪ್ಪಿನಕಾಯಿಯ ಮಳಿಗೆಗೂ ನಡುವೆ, ಕಡುಗಪ್ಪು ಚರ್ಮದ, ಗಜಗಾತ್ರದ, ಗುಂಡಿಯೊತ್ತಿದರೆ ಗುರುಗುಟ್ಟುವ ಒಂದು ಮಸಾಜು ಕುರ್ಚಿ ರಾಜಠೀವಿಯಿಂದ ವಿರಾಜಿಸುತ್ತಿತ್ತು. ಕಲ್ಮೇಶನ ಮಾವ ತೋಟಪ್ಪನವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿಯೇ ಇದ್ದವರು. ಜೀವಮಾನವಿಡೀ ಗೂಡ್ಸ್ ಗಾಡಿಯ ಕಡೆಯ ಡಬ್ಬಿಯಲ್ಲಿ ಕುಲುಕಿಸಿಕೊಂಡ ಆ ಹಿರಿಯರ ಬೆನ್ನು, ಈಗ ಯಾರೂ ಕುಲುಕದಿದ್ದರೆ ನೋಯುತ್ತಿತ್ತು. ಅವರನ್ನು ಒಮ್ಮೆ ಆ ಕುರ್ಚಿಯಲ್ಲಿ ಕೂರಿಸಿದ್ದೇ ತಡ, ಅವರ ಮುಖದಲ್ಲಿ ಮೂಡಿದ ಮಂದಹಾಸವನ್ನು ಕಂಡು ಅಳಿಯನ ಹೃದಯ ಬೆಣ್ಣೆಯಾಯಿತು, ಕೈ ತಾನಾಗಿ ಜೇಬಿಗೆ ಹೋಯಿತು, ಕ್ರೆಡಿಟ್ ಕಾರ್ಡ್ ಎಂಬ ಖಡ್ಗ ಒರೆಯಿಂದ ಹೊರಬಂತು.

ಬಿಲ್ಲು ಬಂದಾಗ ಅದರಲ್ಲಿ ಎರಡು ಮೊತ್ತಗಳಿದ್ದವು. ಒಂದು ಪೂರ್ತಿ, ಇನ್ನೊಂದು ಕನಿಷ್ಠ. ಬ್ಯಾಂಕಿನವರ ದಯೆ ದೊಡ್ಡದೆಂದು ಬಗೆದ ಕಲ್ಮೇಶ ತಿಂಗಳು ತಿಂಗಳೂ ಕನಿಷ್ಠವನ್ನೇ ಕಟ್ಟುತ್ತ ಬಂದ. ಇತ್ತ ಉಳಿದ ಸಾಲ, ಅದೇ ಕಾರ್ಡಿನ ಹೊಸ ಖರೀದಿಗಳೂ ಸೇರಿ, ಬಡ್ಡಿಯ ಮೇವು ಮೇಯುತ್ತ, ಮಳೆಗಾಲದ ಎಮ್ಮೆಕರುವಿನಂತೆ ಮೈ ತುಂಬಿಕೊಳ್ಳುತ್ತ, ಒಂದು ದಿನ ಕುರ್ಚಿಯ ಬೆಲೆಗಿಂತ ಎತ್ತರವಾಗಿ ಎದ್ದು ನಿಂತಿತು.

ಅದೇ ಹೊತ್ತಿಗೆ ಅವನ ಧರ್ಮಪತ್ನಿ, ಹೈಸ್ಕೂಲಿನ ಗಣಿತದ ಟೀಚರ್, ಅಂಕವಿಶಾರದೆ ದಾಕ್ಷಾಯಿಣಿ ಕೇಶ್ವಾಪುರದಾಚೆ ಎರಡು ಕೋಣೆಯ ಒಂದು ಫ್ಲ್ಯಾಟನ್ನು ಮೆಚ್ಚಿ ಬಂದಿದ್ದಳು. ಅವರಿದ್ದ ಬಾಡಿಗೆ ಮನೆಯ ಮಾಲೀಕ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡದವನು. ಕ್ಯಾಲೆಂಡರು ಫ್ರಿಜ್ಜಿನ ಮೇಲೆ ಅಂಗಾತ ಮಲಗಿರುತ್ತಿತ್ತು. ತನ್ನ ಗೋಡೆಗೆ ತಾನೇ ಮೊಳೆ ಹೊಡೆಯಬೇಕೆಂಬುದು ಅವಳ ಪರಮಾಕಾಂಕ್ಷೆ. ಅದಕ್ಕೆ ಗೃಹಸಾಲ ಬೇಕು. ಗೃಹಸಾಲಕ್ಕೆ ಸ್ಕೋರ್ ಬೇಕು.

ಈ ಸುದ್ದಿ ಕೇಳಿದ ಕಲ್ಮೇಶ ವೀರಾವೇಶಗೊಂಡ. ದುಬಾರಿ ಬಡ್ಡಿಯ ಹಳೆಯ ಕಾರ್ಡಿನಿಂದ ಕಡಿಮೆ ಬಡ್ಡಿಯ ಹೊಸ ಕಾರ್ಡಿಗೆ ಸಾಲವನ್ನು ಸಾಗಿಸಬಹುದು, ಅದಕ್ಕೆ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎನ್ನುತ್ತಾರೆ ಎಂದು ಯಾರೋ ಗಿರಾಕಿ ಹೇಳಿದ್ದ. ಸರಿ, ಹೆಂಡತಿಗೆ ಹೇಳದೆ ಒಂದು ಬ್ಯಾಂಕಿಗೆ ಅರ್ಜಿ ಹಾಕಿದ. ಇಲ್ಲವೆಂದರು. ರೋಷದಿಂದ ಎರಡನೆಯದಕ್ಕೆ ಹಾಕಿದ. ಇಲ್ಲವೆಂದರು. ಪೌರುಷ ಕೆಣಕಿದಂತಾಗಿ ಮೂರನೆಯದಕ್ಕೆ, ಛಲ ಹುಟ್ಟಿ ನಾಲ್ಕನೆಯದಕ್ಕೆ. ಒಂದೇ ವಾರದಲ್ಲಿ ನಾಲ್ಕು ಕೋಟೆಗಳಿಗೆ ಲಗ್ಗೆಯಿಟ್ಟು ನಾಲ್ಕರ ಬಾಗಿಲಲ್ಲೂ ಹಣೆ ಜಜ್ಜಿಕೊಂಡ ಆ ಧೀರ, ಹೆಂಡತಿಯೊಡನೆ ತನ್ನ ಸ್ವಂತ ಬ್ಯಾಂಕಿನ ಸಾಲದ ವಿಭಾಗಕ್ಕೆ ಹೋಗಿ, ಅಲ್ಲಿಯ ಅಧಿಕಾರಿಣಿ ರೇಷ್ಮಾ ನದಾಫರ ಎದುರು ಕುಳಿತಾಗ ಸತ್ಯ ಬಯಲಾಯಿತು.

"ಒಂದ ವಾರದಾಗ ನಾಕ ಕಡೆ ಕಾರ್ಡ್ ಕೇಳೀರಿ," ಎಂದರು ಆಕೆ ಕಂಪ್ಯೂಟರ್ ನೋಡುತ್ತ. "ನೀವು ಕೇಳಿದಾಗೊಮ್ಮೆ ಅವರು ನಿಮ್ಮ ರಿಪೋರ್ಟ್ ತಗದು ನೋಡ್ಯಾರ. ನೋಡಿದ ಗುರ್ತೆಲ್ಲಾ ಇಲ್ಲಿ ಉಳದೈತ್ರಿ. ಸ್ಕೋರ್ ಅದಕ್ಕ ಇಳದೈತಿ."

"ನೋಡಿದ್ರ ಏನಾತ್ರಿ ಮೇಡಂ? ನಮ್ಮ ಅಂಗಡಿಗೂ ದಿನಾ ಎಷ್ಟೋ ಮಂದಿ ಬಂದು ಬರೇ ನೋಡಿ ಹೋಗ್ತಾರ."

"ನೀವು ಓಣ್ಯಾಗ ನಾಕ ಮಂದಿ ಕಡೆ ಒಮ್ಮಿಗೇ ಕೈಗಡ ಕೇಳಿದ್ರ, ಐದನೇದವ ಏನ್ ತಿಳಕೋತಾನ ಹೇಳ್ರಿ."

ಪಕ್ಕದಿಂದ ದಾಕ್ಷಾಯಿಣಿ ಸಣ್ಣ ದನಿಯಲ್ಲಿ, "ಇವಂಗೇನೋ ಭಾಳ ಕಷ್ಟ ಬಂದೈತಿ ಅಂತ ತಿಳಕೋತಾನ," ಎಂದಳು. ನಾಲ್ಕು ಅರ್ಜಿಗಳ ವಿಷಯ ಅವಳಿಗೆ ಆಗಷ್ಟೇ ಗೊತ್ತಾದದ್ದು. ಅವಳ ದನಿ ಸಣ್ಣದಾದಷ್ಟೂ ಗಂಡನಾದವನು ದೊಡ್ಡ ಭಯ ಪಡಬೇಕೆಂಬುದನ್ನು ಕಲ್ಮೇಶ ಬಲ್ಲ.

ಆಗ ನದಾಫ್ ಮೇಡಂ ಗುರುಸ್ಥಾನದಲ್ಲಿ ನಿಂತು ರಣನೀತಿಯನ್ನು ಉಪದೇಶಿಸಿದರು. ಆರು ತಿಂಗಳು ಯಾವ ಅರ್ಜಿಯನ್ನೂ ಹಾಕಕೂಡದು. ಬಿಲ್ಲಿನ ತಾರೀಖು ತಪ್ಪಿಸಕೂಡದು, ಕನಿಷ್ಠಕ್ಕಿಂತ ಹೆಚ್ಚು ಕಟ್ಟಬೇಕು. ಆಮೇಲೆ ಒಂದೇ ಒಂದು ಕಡೆ, ಖಾತೆಯಿರುವ ಈ ಬ್ಯಾಂಕಿನಲ್ಲೇ ಕಾರ್ಡು ಕೇಳಬೇಕು. ಸಾಲವನ್ನು ಅದಕ್ಕೆ ಸಾಗಿಸಿ, ಹೊಸ ಕಾರ್ಡಿನಲ್ಲಿ ಸೂಜಿಯನ್ನೂ ಕೊಳ್ಳದೆ, ಕೆಲವು ತಿಂಗಳು ತೆಪ್ಪಗಿದ್ದು, ಆನಂತರ ಗೃಹಸಾಲಕ್ಕೆ ಬರಬೇಕು.

"ಹಳೇ ಕಾರ್ಡ್ ಮುರದು ಒಲಿಗೆ ಹಾಕ್ತೀನ್ರಿ," ಎಂದ ಕಲ್ಮೇಶ ಆವೇಶದಿಂದ.

"ಬ್ಯಾಡ್ರಿ, ಅದನ್ನ ಮುಚ್ಚಬ್ಯಾಡ್ರಿ. ಅದಕ್ಕ ವಯಸ್ಸಾಗೈತಿ. ಹಳೇದು ಇದ್ದಷ್ಟೂ ನಿಮಗ ಮರ್ಯಾದಿ."

ಅಂದು ಸಂಜೆ ಮನೆಯ ಪಡಸಾಲೆಯಲ್ಲಿ, ಮಾವನ ಕುರ್ಚಿಯ ಗುರುಗುಟ್ಟುವಿಕೆಯೇ ರಣಭೇರಿಯಾಗಿ ಮೊಳಗುತ್ತಿರಲು, ಕಲ್ಮೇಶ ಬಲಗೈ ಎತ್ತಿ ಪ್ರತಿಜ್ಞೆ ಮಾಡಿದ. "ಆರ ತಿಂಗಳು ಈ ಕೈ ಯಾವ ಕಾರ್ಡಿನ ಅರ್ಜಿಗೂ ಸಹಿ ಹಾಕೂದಿಲ್ಲ. ಟ್ರಾಲಿ ಬ್ಯಾಗ್ ಕೊಡ್ಲಿ, ವಿಮಾನದ ಟಿಕೆಟ್ ಕೊಡ್ಲಿ, ಬಂಗಾರದ ಬಣ್ಣದ ಕಾರ್ಡ್ ಬಾಗಲಕ ತಂದು ಆರತಿ ಬೆಳಗಿ ಕೊಡ್ಲಿ, ಈ ಕಲ್ಮೇಶ ಅಂದ್ರ ಕಲ್ಲು. ಭೂಮಿ ಅಳ್ಳಾಡಿದ್ರೂ ನಾ ಅಳ್ಳಾಡೂದಿಲ್ಲ."

"ಅಳ್ಳಾಡಬ್ಯಾಡ್ರಿ," ಎಂದಳು ದಾಕ್ಷಾಯಿಣಿ. "ಒಣಗಿದ ಅರಿಬಿ ಮ್ಯಾಲ ನಿಂತೀರಿ, ಒಂಚೂರು ಸರೀರಿ ಸಾಕು."

ಹೀಗೆ ಆರಂಭವಾದ ಆ ಘೋರ ತಪಸ್ಸನ್ನು ಕೆಡಿಸಲು ಬಂದ ಮಾಯಾವಿಗಳು ಒಬ್ಬಿಬ್ಬರಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ, ಲಕ್ಷಾಂತರ ಜನರಲ್ಲಿ ತಾವೊಬ್ಬರೇ ಆಯ್ಕೆಯಾಗಿದ್ದೀರಿ ಸರ್ ಎಂದು ಕೋಗಿಲೆಯ ಕಂಠದಲ್ಲಿ ಉಲಿಯುವವರು. ಪೆಟ್ರೋಲ್ ಬಂಕಿನಲ್ಲಿ ಗಾಡಿಗೆ ಅಡ್ಡ ನಿಂತು, ಒಂದು ಸಹಿ ಸಾರ್, ಒಂದೇ ಸಹಿ, ಎಂದು ಬೇಡುವವರು. ಎಲ್ಲರನ್ನೂ ಆತ ಗೆದ್ದ. ಆದರೆ ಮಾಲಿನಲ್ಲಿ ನೀಲಿ ಬಣ್ಣದ, ನಾಲ್ಕು ಚಕ್ರದ, ಬೆರಳು ಸೋಕಿದರೆ ಸಾಕು ನುಣುಪು ನೆಲದಲ್ಲಿ ಹಂಸದಂತೆ ತೇಲುವ ಟ್ರಾಲಿ ಬ್ಯಾಗೊಂದನ್ನು ಕಾರ್ಡಿನೊಡನೆ ಉಚಿತವಾಗಿ ಕೊಡುತ್ತಿದ್ದ ತರುಣಿಯ ಎದುರು ಅವನ ಹೆಜ್ಜೆ ನಿಂತುಹೋಯಿತು. ಆತ ಬ್ಯಾಗಿನ ಹಿಡಿಕೆ ಮುಟ್ಟಿದ. ಎಳೆದ. ಬಿಟ್ಟ. ಮತ್ತೆ ಎಳೆದ. ತರುಣಿ ಪೆನ್ನಿನ ಮುಚ್ಚಳ ತೆಗೆದಳು. ಆ ಸಣ್ಣ 'ಟಕ್' ಸದ್ದಿಗೆ ಎಚ್ಚೆತ್ತ ಕಲ್ಮೇಶ, ದಿಕ್ಕು ನೋಡದೆ ಓಡಿ, ಮೇಲೆ ಬರುವ ಎಸ್ಕಲೇಟರಿನಲ್ಲಿ ಕೆಳಗಿಳಿಯತೊಡಗಿ, ಇಳಿದಷ್ಟೂ ಏರುತ್ತ, ಏರಿದಷ್ಟೂ ಇಳಿಯುತ್ತ, ಎದುರು ಬಂದವರಿಗೆಲ್ಲ ಕೈ ಮುಗಿಯುತ್ತ, ಕೊನೆಗೆ ಬೆವರಿನಲ್ಲಿ ತೊಯ್ದು ಭೂಮಿಗೆ ತಲುಪಿದ. ಅಂದು ರಾತ್ರಿ ಊಟದಲ್ಲಿ ಎರಡು ರೊಟ್ಟಿ ಹೆಚ್ಚು ತಿಂದ.

ಅಂತೂ ಆರು ತಿಂಗಳು ಕಳೆದವು. ಅರ್ಜಿ ಒಂದೇ ಹೋಯಿತು, ಒಪ್ಪಿಗೆಯೂ ಬಂತು, ಹೊಸ ಕಾರ್ಡು ಅಂಚೆಯಲ್ಲಿ ಬಂದು ಕೈ ಸೇರಿತು. ಕಡಿಮೆ ಬಡ್ಡಿಯಲ್ಲಿ ಸಾಲ ಸಾಗಿಸಿಕೊಳ್ಳಲು ಹದಿನೈದು ದಿನದ ಅವಕಾಶ. ಹೊರಗಿನ ಶತ್ರುಗಳೆಲ್ಲ ಅಳಿದರು. ಆಗ ಎದ್ದರು ನೋಡಿ ಮನೆಯೊಳಗಿನವರು.

ಹಸಿರು-ಕೆಂಪು ಬಾವುಟಗಳನ್ನು ಮೂವತ್ತು ವರ್ಷ ಬೀಸಿದ, ಪಂಚಾಂಗಪಾಣಿ, ಕುರ್ಚಿಸಿಂಹಾಸನಾಧೀಶ್ವರ ತೋಟಪ್ಪನವರು, ದುಡ್ಡಿನ ವ್ಯವಹಾರವನ್ನು ಒಳ್ಳೆಯ ಗಳಿಗೆಯಲ್ಲದೆ ಮಾಡಕೂಡದೆಂದು ಅಪ್ಪಣೆ ಕೊಡಿಸಿದರು. ಮೊದಲ ವಾರ ಅಮಾವಾಸ್ಯೆಯ ನೆರಳಿತ್ತು. ಶುಕ್ರವಾರ ಮನೆಯಿಂದ ಲಕ್ಷ್ಮಿಯನ್ನು ಕಳಿಸಬಾರದು. ಶನಿವಾರದ ಬಗ್ಗೆ ಹೇಳುವುದೇ ಬೇಡ. ಸೋಮವಾರ ಎಲ್ಲ ಸರಿಯಾಗಿದ್ದಾಗ ಹಲ್ಲಿ ಲೊಚಗುಟ್ಟಿತು. ಹಿರಿಯರ ಮಾತು ಮೀರದ ಕಲ್ಮೇಶ ತಲೆಯಾಡಿಸುತ್ತ ಹೋದ. ಕೊನೆಗೆ ಉಳಿದದ್ದು ಒಂದೇ ದಿನ, ಮಂಗಳವಾರ. ಸಂಜೆ ನಾಲ್ಕಕ್ಕೆ ಗಡುವು. ಬೆಳಗ್ಗೆ ಎದ್ದು ನೋಡಿದರೆ ಬ್ಯಾಂಕಿನ ವ್ಯವಸ್ಥೆ ರಿಪೇರಿಯಲ್ಲಿದೆ ಎಂಬ ಸೂಚನೆ. ಅರ್ಧ ದಿನ ರಜೆ ಹಾಕಿ ಬಂದ ದಾಕ್ಷಾಯಿಣಿ ತನ್ನ ಲ್ಯಾಪ್‌ಟಾಪಿನ ಮುಂದೆ ಬಕಪಕ್ಷಿಯಂತೆ ಕುಳಿತಳು. ರಿಪೇರಿ ಮುಗಿದು ಪರದೆ ಬೆಳಗಿದಾಗ ಗಡಿಯಾರ ಮೂರು ಹೊಡೆಯಿತು.

ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ.

ಕಲ್ಮೇಶ ನೀರು ಕುಡಿಯಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಸ್ಟೂಲಿನ ಮೇಲಿದ್ದ ಅವನ ಮೊಬೈಲು ಮಾಯವಾಗಿತ್ತು. ತೋಟಪ್ಪನವರು ಕುರ್ಚಿಯೇರಿ, ಮೊಬೈಲನ್ನು ತೊಡೆಯ ಕೆಳಗೆ ಒತ್ತಿಕೊಂಡು, ಗುಂಡಿ ಅದುಮಿ, ಕಾಲು ಆಕಾಶಕ್ಕೂ ತಲೆ ಪಾತಾಳಕ್ಕೂ ಆಗುವಂತೆ ಹಿಂದಕ್ಕೆ ಮಲಗಿ ಕಣ್ಣು ಮುಚ್ಚಿದ್ದರು.

"ಒಟಿಪಿ ಕಳಿಸೀನಿ," ಎಂದಳು ದಾಕ್ಷಾಯಿಣಿ. "ಮೊಬೈಲ್ ನೋಡ್ರಿ."

ಒಟಿಪಿ ಬಂದಿತೋ ಇಲ್ಲವೋ ಯಾರು ಬಲ್ಲರು? ಮೊಬೈಲು ನಡುಗಿರಬಹುದು, ಆದರೆ ಅದರ ಮೇಲಿನ ಮಾವ ನಡುಗುತ್ತಿದ್ದರು, ಮಾವನ ಕೆಳಗಿನ ಕುರ್ಚಿ ನಡುಗುತ್ತಿತ್ತು, ಕುರ್ಚಿಯ ಕೆಳಗಿನ ನೆಲ ನಡುಗುತ್ತಿತ್ತು. ಅಖಿಲ ಕಂಪನದ ನಡುವೆ ಆ ಒಂದು ಅಲ್ಪ ಕಂಪನ, ಕಡಲಿನಲ್ಲಿ ಬಿದ್ದ ಹನಿಯಂತೆ, ಕಳೆದುಹೋಯಿತು.

"ಮಾವಾರ, ಮೊಬೈಲ್ ಕೊಡ್ರಿ," ಎಂದ ಕಲ್ಮೇಶ.

"ನಾಕೂವರಿ ಆಗ್ಲಿ ಅಳಿಯಂದ್ರ, ಕೊಡ್ತೀನಿ."

"ನಾಕಕ್ಕ ಮುಗೀತೈತ್ರಿ ಅದು."

"ಮುಗೀಲಿ. ಕೆಂಪ ನಿಶಾನಿ ಇದ್ದಾಗ ಗಾಡಿ ಬಿಡೂದಿಲ್ಲ ನಾನು. ನನ್ನ ಸರ್ವಿಸ್‌ನ್ಯಾಗ ಒಮ್ಮೆನೂ ಬಿಟ್ಟಿಲ್ಲ."

ಕಲ್ಮೇಶ ಕುರ್ಚಿಯ ಎಡಕ್ಕೆ ಬಂದ. ತೋಟಪ್ಪನವರು ಎಡಕ್ಕೆ ಭಾರ ಹಾಕಿದರು. ಬಲಕ್ಕೆ ಹಾರಿದ, ಬಲಕ್ಕೆ ಭಾರ ಹಾಕಿದರು. ಎಪ್ಪತ್ತೈದರ ಆ ತೊಡೆ ದುರ್ಗದ ಬಾಗಿಲಿನಂತೆ ಅಭೇದ್ಯವಾಗಿತ್ತು. ಹಿರಿಯರ ಮೈ ಮೇಲೆ ಕೈ ಮಾಡುವಂತಿಲ್ಲ. ಬಾಗಿ ಬೇಡೋಣವೆಂದರೆ ಅವರ ಪಾದಗಳೇ ಮುಖದ ಎತ್ತರಕ್ಕೆ ಬಂದು ನಿಂತಿದ್ದವು. ಆಗ ಅಂಕವಿಶಾರದೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಾಗಿಲ ಹಿಂದಿನ ಮೇನ್ ಸ್ವಿಚ್ಚಿನತ್ತ ನಡೆದಳು, ಕೆಳಕ್ಕೆ ಎಳೆದಳು.

ಗುರುಗುಟ್ಟುವಿಕೆ ನಿಂತಿತು. ಫ್ಯಾನು ನಿಂತಿತು. ಬ್ಯಾಟರಿಯ ಮತ್ತು ದಾಕ್ಷಾಯಿಣಿಯ ಮೊಬೈಲ್ ನೆಟ್ಟಿನ ಬಲದಿಂದ ಲ್ಯಾಪ್‌ಟಾಪು ಮಾತ್ರ ಬೆಳಗುತ್ತಿತ್ತು. ಕಾಲು ಮೇಲೆ, ತಲೆ ಕೆಳಗೆ, ತೋಟಪ್ಪನವರು ಇದ್ದಲ್ಲೇ ನಿಂತರು, ಅಂದರೆ ಮಲಗಿದರು. ಕರೆಂಟಿಲ್ಲದೆ ಕುರ್ಚಿ ಏಳದು, ಕುರ್ಚಿ ಏಳದೆ ಅವರು ಏಳರು.

"ಅಪ್ಪಾ," ಎಂದಳು ದಾಕ್ಷಾಯಿಣಿ, "ರಾಹುಕಾಲದಾಗ ನೀವು ರೈಲು ಬಿಟ್ಟಿಲ್ಲೇನು?"

"ಅದು ಸರ್ಕಾರಿ ಗಾಡಿ. ಇದು ನನ್ನ ಮಗಳ ಮನಿ."

ತೋಟಪ್ಪನವರು ಜಂತಿಯತ್ತ ನೋಡುತ್ತ, ಯಾರಿಗೋ ಹೇಳುವಂತೆ ಹೇಳಿದರು. "ಕುಂದಗೋಳ ರಸ್ತ್ಯಾಗ ಒಂದ ಪ್ಲಾಟ್ ಹಿಡದಿದ್ನಿ. ರಾಹುಕಾಲ ಮುಗೀಲಿ, ಆಮ್ಯಾಲ ಸಹಿ ಮಾಡ್ರಿ ಅಂತ ನಿಮ್ಮವ್ವ ಅಂದ್ಲು. ನನಗ ಡ್ಯೂಟಿಗೆ ಹೊತ್ತಾಗಿತ್ತು, ಮಾಡಿಬಿಟ್ಟೆ. ಆ ಜಾಗಕ್ಕ ಮೂರು ಮಂದಿ ಮಾಲಕರು ಇದ್ರು ಅಂತ ಆಮ್ಯಾಲ ಗೊತ್ತಾತು. ಅಕಿ ಹೋಗೂತನಾ ಬಾಡಿಗಿ ಮನ್ಯಾಗ ಇದ್ಲು. ಒಂದಿನಾ ಬೈಲಿಲ್ಲ ನೋಡು. ಬೈದಿದ್ರ ಛಲೋ ಇತ್ತು."

ದಾಕ್ಷಾಯಿಣಿ ಮುಖ ತಿರುಗಿಸಿಕೊಂಡಳು. ಗಡಿಯಾರದ ಮುಳ್ಳು ಮಾತ್ರ ಯಾರ ದುಃಖವನ್ನೂ ಲೆಕ್ಕಿಸದೆ ನಾಲ್ಕರತ್ತ ಸರಿಯುತ್ತಿತ್ತು. ಮಾವನ ತೊಡೆಯ ಕೆಳಗಿರುವುದು ಬರೀ ಮೊಬೈಲಲ್ಲ ಎಂದು ಕಲ್ಮೇಶನಿಗೆ ಈಗ ತಿಳಿಯಿತು. ಕಿತ್ತುಕೊಂಡರೆ ಗೆದ್ದಂತಾಗದು ಎಂದೂ ತಿಳಿಯಿತು. ಜನ್ಮದಲ್ಲಿ ಸಣ್ಣಕ್ಷರ ಓದದ ಆ ವೀರ, ಆ ಕ್ಷಣದಲ್ಲಿ ಮಾವನ ಪಂಚಾಂಗದ ಸಣ್ಣಕ್ಷರವನ್ನು ಮನಸ್ಸಿನಲ್ಲಿ ಓದಿದ. ಕುರ್ಚಿಯ ಪಕ್ಕದಲ್ಲಿ, ಮಾವನ ತಲೆ ಇದ್ದ ಕಡೆ, ಮಂಡಿಯೂರಿದ.

"ಮಾವಾರ, ಒಂದ ಮಾತು ಕೇಳ್ತೀನಿ. ರಾಹುಕಾಲದಾಗ ಶುರು ಮಾಡಿದ್ದು ಏನಾಗ್ತೈತ್ರಿ?"

"ಏಳಿಗಿ ಆಗೂದಿಲ್ಲ."

"ಬೆಳಿಯೂದಿಲ್ಲ?"

"ಎಲ್ಲಿ ಬೆಳೀತೈತಿ? ಸೊರಗಿ ಸಣ್ಣಾಗಿ ಹೋಗ್ತೈತಿ."

"ನಾವು ಈಗ ಹೊಸಾ ಕಾರ್ಡಿಗೆ ಕಳಸಾಕತ್ತಿದ್ದು ಸಾಲರೀ, ಮಾವಾರ. ಮನಿ ಅಲ್ಲ. ಸಾಲ ಏಳಿಗಿ ಆಗಬೇಕೇನ್ರಿ?"

ತೋಟಪ್ಪನವರ ಹುಬ್ಬು ಮೇಲೇರಿತು, ಅಂದರೆ ಆ ಭಂಗಿಯಲ್ಲಿ ಕೆಳಗಿಳಿಯಿತು. ಅಮಾವಾಸ್ಯೆ, ಶುಕ್ರವಾರ, ಹಲ್ಲಿ, ಎಲ್ಲವೂ ಅವರ ಮನಸ್ಸಿನಲ್ಲಿ ಗೂಡ್ಸ್ ಡಬ್ಬಿಗಳಂತೆ ಒಂದರ ಹಿಂದೊಂದು ಶಂಟಿಂಗ್ ಆದವು.

"ಹಂಗಂದ್ರ," ಎಂದರು ನಿಧಾನಕ್ಕೆ, "ಸಾಲಕ್ಕ ಇದಕಿಂತ ಛಲೋ ಮುಹೂರ್ತ ವರ್ಷದಾಗ ಸಿಗೂದಿಲ್ಲ."

"ಸಿಗೂದಿಲ್ರಿ."

"ಮತ್ತ ಇಷ್ಟ ದಿನಾ ಒಳ್ಳೆ ಗಳಿಗಿ ಯಾಕ ಹುಡಿಕಿದ್ರಿ ನೀವು? ಯಾರಿಗಾರ ಬುದ್ಧಿ ಐತೇನು?" ತೊಡೆ ಮೇಲೆದ್ದಿತು. ಮೊಬೈಲು ಹೊರಬಂತು. ಆದರೆ ಅಳಿಯ ಕೈ ಚಾಚಿದಾಗ ಅವರು ಕೊಡಲಿಲ್ಲ. "ಸಿಗ್ನಲ್ ಗಾರ್ಡನ ಕೈಯಾಗ ಇರಬೇಕು. ನಾ ಓದ್ತೀನಿ, ಅಕಿ ಒತ್ಲಿ."

ಮೊದಲ ಒಟಿಪಿ ಅಷ್ಟರಲ್ಲಿ ಸತ್ತಿತ್ತು. ದಾಕ್ಷಾಯಿಣಿ ಎರಡನೆಯದನ್ನು ತರಿಸಿದಳು. ತೋಟಪ್ಪನವರು ದೂರದ ಸಿಗ್ನಲ್ ನೋಡುವ ಗತ್ತಿನಲ್ಲಿ ಕೈ ಚಾಚಿ ಹಿಡಿದು ಗಂಭೀರವಾಗಿ ಓದಿದರು. ತಪ್ಪು ಎಂದಿತು ಪರದೆ. ಮೂರನ್ನು ಎಂಟೆಂದಿದ್ದರು.

"ಇನ್ನೊಮ್ಮೆ ತಪ್ಪಿದ್ರ ನಾಳಿತನಾ ಬಂದ್," ಎಂದಳು ದಾಕ್ಷಾಯಿಣಿ, ಅದೇ ಸಣ್ಣ ದನಿಯಲ್ಲಿ.

ಆಗ ಕಲ್ಮೇಶ, ತನ್ನ ನೆತ್ತಿಯ ಕಿರೀಟವನ್ನೇ ತೆಗೆದು ಅರ್ಪಿಸುವ ರಾಜನಂತೆ, ಸ್ವಂತ ಕನ್ನಡಕವನ್ನು ತೆಗೆದು ಮಾವನ ಮೂಗಿನ ಮೇಲೆ ಇರಿಸಿ, ಕೆಳಜಾರದಂತೆ ಎರಡೂ ಕೈಗಳಿಂದ ಹಿಡಿದು ನಿಂತ. ಜಗತ್ತು ಅವನಿಗೆ ಮಸುಕಾಯಿತು. ಆ ಮಸುಕಿನೊಳಗಿಂದ ಮಾವನ ಕಂಠ, ಪ್ಲಾಟ್‌ಫಾರ್ಮಿನ ತುದಿಯವರೆಗೆ ಕೇಳುವಂತೆ, ಅಂಕಿಗಳನ್ನು ಒಂದೊಂದಾಗಿ ಸಾರಿತು. ಕೀಲಿಗಳು ಟಕಟಕಿಸಿದವು.

"ಹೋತು," ಎಂದಳು ದಾಕ್ಷಾಯಿಣಿ.

"ಹೋತು?" ಎಂದ ಕುರುಡ ವೀರ.

"ಸಾಲ ಹೋತು. ಹೊಸಾ ಕಾರ್ಡಿಗೆ."

ಆಕಾಶದಿಂದ ಹೂಮಳೆ ಸುರಿಯಬೇಕಿತ್ತು. ಫ್ಯಾನು ನಿಂತದ್ದರಿಂದ ಅದರ ರೆಕ್ಕೆಯ ಮೇಲಿನ ಧೂಳೂ ಬೀಳಲಿಲ್ಲ. ಆರು ತಿಂಗಳ ತಪಸ್ಸು, ಎಸ್ಕಲೇಟರಿನ ಯುದ್ಧ, ರಾಹುವಿನೊಡನೆ ಸಂಧಿ, ಎಲ್ಲದರ ಫಲವಾಗಿ ಸಾಲ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. ಇವರಿಗಿಂತ ಮೊದಲು ಅದಕ್ಕೆ ಹೊಸ ಮನೆ ಸಿಕ್ಕಿತ್ತು, ಅಷ್ಟೆ. ಆದರೂ ಮೂವರೂ ನಕ್ಕರು, ಮೊದಲು ತೋಟಪ್ಪನವರು, ತಲೆ ಕೆಳಗಾಗಿದ್ದರಿಂದ ಕೆಮ್ಮುತ್ತ. ಆಮೇಲೆ ದಾಕ್ಷಾಯಿಣಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಯಾಕೆ ನಗುತ್ತಿದ್ದಾರೆಂದು ಕಾಣದಿದ್ದರೂ ಕಲ್ಮೇಶ.

ಮೇನ್ ಸ್ವಿಚ್ ಹಾಕಿದಾಗ ಎಲ್ಲ ದೀಪಗಳೂ ಹತ್ತಿದವು, ಕುರ್ಚಿ ಮಾತ್ರ ಮೌನವಾಗಿತ್ತು. ಗುಂಡಿ ಒತ್ತಿದರು, ತಟ್ಟಿದರು, ಗುದ್ದಿದರು. ಕಡೆಗೆ ಮಗಳು ಒಂದು ಕೈ, ಅಳಿಯ ಒಂದು ಕೈ ಹಿಡಿದು, ಬಾವಿಯಿಂದ ಕೊಡ ಎತ್ತುವಂತೆ ಹಿರಿಯರನ್ನು ಎತ್ತಿ ನಿಲ್ಲಿಸಿದರು. ನಿಂತವರು ಬೆನ್ನು ತಿರುವಿ ನೋಡಿ, "ನೋವು ಹೋಗೈತಲ್ಲ," ಎಂದು ಆಶ್ಚರ್ಯಪಟ್ಟು ಚಹಾ ಕೇಳಿದರು.

ಬಿಲ್ಲುಗಳು ತಪ್ಪದೆ ಸಂದಾಯವಾಗಿ, ಸಾಲ ನಿಜಕ್ಕೂ ಸೊರಗತೊಡಗಿ, ಮತ್ತೆ ಕೆಲವು ತಿಂಗಳು ಕಳೆದ ಮೇಲೆ ಕಲ್ಮೇಶ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ವಿಭೂತಿ ಧರಿಸಿ, ತನ್ನ ಸಾಹಸವನ್ನು ಆದ್ಯಂತ ನಿರೂಪಿಸಲು ಸಿದ್ಧನಾಗಿ ನದಾಫ್ ಮೇಡಂ ಎದುರು ಕುಳಿತ. ಆಕೆ ಪರದೆಯನ್ನು ಒಂದು ಕ್ಷಣ ನೋಡಿದರು.

"ಸ್ಕೋರ್ ಸಾಕ್ರಿ. ಫೈಲ್ ಮುಂದ ಕಳಸ್ತೀನಿ."

"ಮೇಡಂ, ಅದು ಹೆಂಗಾತಂದ್ರ, ಅವತ್ತ ಮಂಗಳವಾರ..."

"ಎರಡ ಫೋಟೊ ಕೊಡ್ರಿ."

ಫೋಟೊ ತಂದಿರಲಿಲ್ಲ. ಆದಕಾರಣ ಆ ಜಿತೇಂದ್ರಿಯ, ಆ ರಾಹುಸಂಧಾನಪಟು, ಆ ಸಾಲಾಂತರವಿಜಯಿ ಕಲ್ಮೇಶ ಹಂಚಿನಾಳ ರಸ್ತೆ ದಾಟಿ ಸ್ಟುಡಿಯೊದ ಸ್ಟೂಲಿನ ಮೇಲೆ ಗದ್ದವೆತ್ತಿ, ಎದೆಯುಬ್ಬಿಸಿ ಕುಳಿತ. ಬೆಳಕು ಫಳಕ್ಕನೆ ಹೊಳೆಯಿತು. ಫೋಟೊಗ್ರಾಫರ್ ಕ್ಯಾಮೆರಾದ ಹಿಂಬದಿ ನೋಡಿ ನಿಟ್ಟುಸಿರು ಬಿಟ್ಟ.

"ಕಣ್ಣ ಮುಚ್ಚೀರಿ ಸರ. ಇನ್ನೊಮ್ಮೆ ಕುಂದರ್ರಿ."